ಮುಂಗುಸಿಗೆ 43,450 ರೂಪಾಯಿ: ಕುರ್ಲಾದ ಬೋರ್ಡ್ ಇಲ್ಲದ ಸೈಕಲ್ ಅಂಗಡಿ

ಹಳೆಯ ಬಿಎಂಎಕ್ಸ್ ಸೈಕಲ್ (ಮಣ್ಣಿನ ದಿಬ್ಬಗಳ ಮೇಲೆ ಹಾರಿಸುವ ಚಿಕ್ಕ ಚಕ್ರದ ಸೈಕಲ್) ಮನೆಯಲ್ಲಿ ಬಿದ್ದಿದೆ, ಮುಂಬೈಯಲ್ಲಿ ಯಾರ ಹತ್ತಿರ ಕೊಡಬಹುದು, ಎಷ್ಟು ಖರ್ಚಾಗುತ್ತದೆ ಎಂದು ನಾಲ್ಕೈದು ಜನ ನನ್ನನ್ನು ಕೇಳಿದ್ದಾರೆ. ಎಲ್ಲರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಖರ್ಚು ಮೊದಲೇ ಹೇಳಿಬಿಡುತ್ತೇನೆ. ನನಗೆ ಒಟ್ಟು 43,450 ರೂಪಾಯಿ ಆಯಿತು. ಅದರಲ್ಲಿ ಸೈಕಲ್ಲನ್ನು ಪೂರ್ತಿ ಬಿಚ್ಚಿ, ತೊಳೆದು, ತುಕ್ಕು ತೆಗೆದು, ಚಕ್ರ ಕಟ್ಟಿ, ಮತ್ತೆ ಜೋಡಿಸಿ, ಓಡುವ ಹಾಗೆ ಮಾಡಿಕೊಟ್ಟ ಕಾಕಾ ತೆಗೆದುಕೊಂಡದ್ದು 4,500. ಹತ್ತರಲ್ಲಿ ಒಂದು ಪಾಲು. ಈ ಕೆಲಸ ದುಬಾರಿಯಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ನಿಜ. ಆದರೆ ದುಡ್ಡು ಎಲ್ಲಿಗೆ ಹೋಗುತ್ತಿದೆ ಎಂದು ನೋಡದೆ ಮೆಕ್ಯಾನಿಕ್ ಹತ್ತಿರ ಐನೂರು ರೂಪಾಯಿಗೆ ಚೌಕಾಸಿ ಮಾಡುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ಅಂಗಡಿ ಇರುವುದು ಕುರ್ಲಾ ಪಶ್ಚಿಮದಲ್ಲಿ, ಎಲ್‌ಬಿಎಸ್ ರಸ್ತೆಯಿಂದ ಒಳಗೆ ಹೋಗುವ ಒಂದು ಗಲ್ಲಿಯಲ್ಲಿ. ಬೋರ್ಡ್ ಇಲ್ಲ. ಒಂದು ಶಟರ್, ಒಳಗೆ ಇಬ್ಬರು ನಿಂತರೆ ಮೂರನೆಯವರಿಗೆ ಜಾಗ ಇಲ್ಲ. ಮೇಲೆ ತಂತಿಯಲ್ಲಿ ಹಳೆಯ ರಿಮ್‌ಗಳು ನೇತಾಡುತ್ತವೆ, ಎಡಗಡೆ ಒಂದು ಲೇತ್ ಅಂಗಡಿ, ಎದುರಿಗೆ ಚಹಾದವನು. ಮಾಲೀಕರನ್ನು ಗಲ್ಲಿಯವರೆಲ್ಲ ಕಾಕಾ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಊರು ವಿಜಾಪುರದ ಕಡೆ. ಮರಾಠಿ, ಹಿಂದಿ, ಕನ್ನಡ ಮೂರನ್ನೂ ಒಂದೇ ವಾಕ್ಯದಲ್ಲಿ ಆಡುತ್ತಾರೆ. ನಾನು ಮೊದಲ ದಿನ ಹಿಂದಿಯಲ್ಲಿ ಮಾತಾಡುತ್ತಿದ್ದಾಗ ಉಡುಪಿಯಿಂದ ಅಮ್ಮನ ಫೋನ್ ಬಂತು. ಮಾತು ಮುಗಿಸಿ ಫೋನ್ ಇಟ್ಟ ಕೂಡಲೇ ಅವರು, "ಅಯ್ಯ, ನೀವು ನಮ್ಮವರ ಅದೀರಲ್ರಿ, ಮತ್ತ್ಯಾಕ ಹಿಂದಿ" ಎಂದರು. ಅಲ್ಲಿಂದ ನಮ್ಮ ವ್ಯವಹಾರವೆಲ್ಲ ಕನ್ನಡದಲ್ಲೇ.

ಈಗ ಸೈಕಲ್ ಬಗ್ಗೆ. ಇದು ಮಂಗೂಸ್ ಎಂಬ ಅಮೆರಿಕದ ಕಂಪನಿಯದು. ನನ್ನ ಸೋದರಮಾವ ಹಡಗಿನಲ್ಲಿ ಕೆಲಸಕ್ಕಿದ್ದರು. 1983ರಲ್ಲಿ ಹಡಗು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಬಂದರಿನಲ್ಲಿ ನಿಂತಿದ್ದಾಗ ಯಾರೋ ಮಾರುತ್ತಿದ್ದ ಸೆಕೆಂಡ್ ಹ್ಯಾಂಡ್ ಸೈಕಲ್ಲನ್ನು ಕೊಂಡು ನನಗೆ ತಂದುಕೊಟ್ಟರು. ಆಗ ನಾವು ಕಲೀನಾದ ಒಂದು ಚಾಳಿನಲ್ಲಿ ನೆಲಮಹಡಿಯಲ್ಲಿದ್ದೆವು, ಅಪ್ಪ ಸಾಂತಾಕ್ರೂಜ್‌ನ ಒಂದು ಉಡುಪಿ ಹೋಟೆಲಿನಲ್ಲಿದ್ದರು. ಫ್ರೇಮಿನ ಮೇಲಿನ ಇಂಗ್ಲಿಷ್ ಅಕ್ಷರ ಕೂಡಿಸಿ ಓದಿದ ಚಾಳಿನ ಹುಡುಗರು ಅದಕ್ಕೆ ಮುಂಗುಸಿ ಎಂದೇ ಹೆಸರಿಟ್ಟರು. ಮರಾಠಿಯಲ್ಲೂ ಹೆಚ್ಚುಕಡಿಮೆ ಅದೇ ಪದ, ಹಾಗಾಗಿ ಎಲ್ಲರಿಗೂ ಒಂದೇ ಹೆಸರು ಸಾಕಾಯಿತು. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಚಕ್ರ ಇಪ್ಪತ್ತೇ ಇಂಚು, ಹ್ಯಾಂಡಲ್ ಮಾತ್ರ ಎಮ್ಮೆಯ ಕೊಂಬಿನಷ್ಟು ಅಗಲ. ಅಮ್ಮನಿಗೆ ಇದು ಅರ್ಧ ಸೈಕಲ್ ಅನ್ನಿಸಿತ್ತು. ನನಗೆ ಅದಕ್ಕಿಂತ ದೊಡ್ಡ ಆಸ್ತಿ ಇರಲಿಲ್ಲ.

ಮಾವ ಅದನ್ನು ಕೊಂಡ ಊರು ಎಂಥದ್ದು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಮೋಟೊಕ್ರಾಸ್, ಅಂದರೆ ಮಣ್ಣಿನ ದಾರಿಯ ಮೋಟರ್‌ಬೈಕ್ ರೇಸಿನವರನ್ನು ನೋಡಿ, ತಮ್ಮ ಚಿಕ್ಕ ಚಕ್ರದ ಶ್ವಿನ್ ಸ್ಟಿಂಗ್‌ರೇ ಸೈಕಲ್‌ಗಳನ್ನೇ ಮಣ್ಣಿನ ದಿಬ್ಬಗಳ ಮೇಲೆ ಹಾರಿಸಲು ಶುರು ಮಾಡಿದ್ದರಿಂದ ಬಿಎಂಎಕ್ಸ್ ಹುಟ್ಟಿತು. ಇದೇ ಲಾಂಗ್ ಬೀಚಿನಲ್ಲಿ 1970ರಲ್ಲಿ ಸ್ಕಾಟ್ ಬ್ರೈಟ್‌ಹಾಪ್ಟ್ ಎಂಬ ಹುಡುಗ ಖಾಲಿ ಜಾಗದಲ್ಲಿ ರೇಸ್ ನಡೆಸಿದ. ಅವನಿಗೆ ಆಗ 13 ವರ್ಷ. ಮಾಮೂಲಿ ಸೈಕಲ್‌ಗಳ ಚಕ್ರ ಆ ಹಾರಾಟಕ್ಕೆ ತಡೆಯುತ್ತಿರಲಿಲ್ಲ, ಕಡ್ಡಿಗಳು ಮುರಿಯುತ್ತಿದ್ದವು. ಅದಕ್ಕೆ ಸ್ಕಿಪ್ ಹೆಸ್ ಎಂಬವರು ಎರಕದ ಚಕ್ರ ಮಾಡಿದರು, ಮೋಟೊಮ್ಯಾಗ್ ಎಂದು ಅದರ ಹೆಸರು. 1974ರ ಸುಮಾರಿಗೆ ಆ ಚಕ್ರದಿಂದಲೇ ಮಂಗೂಸ್ ಕಂಪನಿ ಬೆಳೆಯಿತು. ಹುಡುಗರ ಆಟ 2008ರ ಬೀಜಿಂಗ್ ಒಲಿಂಪಿಕ್ಸ್‌ವರೆಗೂ ಹೋಯಿತು. ನನ್ನ ಸೈಕಲ್ಲಿಗೆ ಎರಕದ ಚಕ್ರ ಇರಲಿಲ್ಲ, ಅಲ್ಯೂಮಿನಿಯಂ ರಿಮ್ಮು, ಕಡ್ಡಿ. ಆದರೆ ಫ್ರೇಮ್ ಒಳ್ಳೆಯದು, ಕ್ರೋಮೋಲಿ, ಅಂದರೆ ಕ್ರೋಮಿಯಂ ಮತ್ತು ಮಾಲಿಬ್ಡಿನಂ ಸ್ವಲ್ಪ ಸ್ವಲ್ಪ ಸೇರಿಸಿದ 4130 ಉಕ್ಕು. ಮಾಮೂಲಿ ಉಕ್ಕಿಗಿಂತ ಗಟ್ಟಿ, ಹಾಗಾಗಿ ಕೊಳವೆಯ ಗೋಡೆ ತೆಳುವಾಗಿ ಮಾಡಬಹುದು. ಈ ತೆಳು ಗೋಡೆಯ ವಿಷಯ ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

2005ರ ಜುಲೈ 26. ಮುಂಬೈಯಲ್ಲಿದ್ದವರಿಗೆ ತಾರೀಖು ಹೇಳಿದರೆ ಸಾಕು. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ಕಲೀನಾದ ನಮ್ಮ ಮನೆಯಲ್ಲಿ ನೀರು ಎದೆಮಟ್ಟ ಬಂತು, ನಾವು ಮೇಲಿನ ಮನೆಯವರ ಹತ್ತಿರ ರಾತ್ರಿ ಕಳೆದೆವು. ಮುಂಗುಸಿ ಮಂಚದ ಕೆಳಗೆ ಇತ್ತು. ನೀರು ಇಳಿದ ಮೇಲೆ ಫ್ರಿಜ್ಜು, ಬಟ್ಟೆ, ಅಕ್ಕಿಡಬ್ಬ, ಅಪ್ಪನ ಕಾಗದಪತ್ರ ಇವನ್ನು ನೋಡಿಕೊಳ್ಳುವುದರಲ್ಲೇ ತಿಂಗಳು ಹೋಯಿತು. ಸೈಕಲ್ಲಿನ ಒಳಗೆ ನಿಂತ ಕೊಳಕು ನೀರನ್ನು ಯಾರೂ ನೆನಪಿಸಿಕೊಳ್ಳಲಿಲ್ಲ. ಆಮೇಲೆ ಡೊಂಬಿವಲಿಗೆ ಮನೆ ಬದಲಾಯಿಸಿದೆವು, ಅದು ಅಟ್ಟ ಸೇರಿತು. ಹೋದ ವರ್ಷ ಮಗಳು ಅಟ್ಟದಿಂದ ಇಳಿಸಿ, "ಅಪ್ಪಾ, ಇದು ಓಡುತ್ತಾ?" ಎಂದು ಕೇಳಿದಳು.

ಮೊದಲು ಮನೆ ಹತ್ತಿರದ ಒಬ್ಬ ಮೆಕ್ಯಾನಿಕ್‌ಗೆ ಕೊಟ್ಟೆ. ಅದು ನನ್ನ ಆತುರ. ಪೆಡಲ್ ಬದಲಾಯಿಸಲು ಹೋಗಿ ಅವನು ಕ್ರ್ಯಾಂಕಿನ, ಅಂದರೆ ಪೆಡಲ್ ಕೂರುವ ತೋಳಿನ, ಥ್ರೆಡ್ ಹಾಳು ಮಾಡಿದ. ಇದು ಹಳೆಯ ಬಿಎಂಎಕ್ಸ್ ಇರುವ ಎಲ್ಲರೂ ತಿಳಿದಿರಬೇಕಾದ ವಿಷಯ. ಇವುಗಳಲ್ಲಿ ಎಷ್ಟೋ ಸೈಕಲ್‌ಗಳಿಗೆ ಎಡ ಬಲ ಎರಡೂ ತೋಳು ಸೇರಿ ಒಂದೇ ತುಂಡಿನ ಕ್ರ್ಯಾಂಕ್ ಇರುತ್ತದೆ. ಅದಕ್ಕೆ ಅರ್ಧ ಇಂಚಿನ ಪೆಡಲ್ಲೇ ಬೇಕು. ಅಂಗಡಿಯಲ್ಲಿ ಜಾಸ್ತಿ ಸಿಗುವುದು 9/16 ಇಂಚಿನದು. ವ್ಯತ್ಯಾಸ ಬರೀ 1/16 ಇಂಚು, ಥಟ್ಟನೆ ಕಣ್ಣಿಗೆ ಬೀಳುವುದಿಲ್ಲ, ಪಾನಾ ಹಾಕಿ ಬಲವಂತ ಮಾಡುವವರಿದ್ದಾರೆ. ಆಮೇಲೆ ಥ್ರೆಡ್ ಪೂರ್ತಿ ಕಿತ್ತು ಬರುತ್ತದೆ. ಎಡಗಡೆ ಪೆಡಲ್ ಉಲ್ಟಾ ತಿರುಗುತ್ತದೆ ಅನ್ನುವುದೂ ಅವನಿಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ನಾನು ಜಗಳ ಮಾಡಲಿಲ್ಲ, ಸುಮ್ನೆ ಸೈಕಲ್ ವಾಪಸ್ ತಂದೆ.

ಆಮೇಲೆ ಆಫೀಸಿನ ಒಬ್ಬರು ಕಾಕಾನ ವಿಷಯ ಹೇಳಿದರು. ಒಂದು ಭಾನುವಾರ ಫ್ರೇಮನ್ನು ಲೋಕಲ್ ಟ್ರೈನಿನ ಲಗೇಜ್ ಡಬ್ಬಿಯಲ್ಲಿ ಹಾಕಿಕೊಂಡು ಕುರ್ಲಾಕ್ಕೆ ಹೋದೆ. ಕಾಕಾ ಮೊದಲು ಮಾಡಿದ್ದು ಏನು ಗೊತ್ತಾ? ಫ್ರೇಮನ್ನು ಉಲ್ಟಾ ಹಿಡಿದು ಅಲ್ಲಾಡಿಸಿದರು. ಒಳಗಿಂದ ಒಂದು ಹಿಡಿ ತುಕ್ಕಿನ ಪುಡಿ ಬಿತ್ತು. ಆಮೇಲೆ ಸಣ್ಣ ಸುತ್ತಿಗೆಯ ಹಿಡಿಯಿಂದ ಕೊಳವೆಗಳನ್ನು ಮೇಲಿಂದ ಕೆಳಗೆ ತಟ್ಟುತ್ತಾ ಹೋದರು, ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ. ಎಲ್ಲ ಕಡೆ ಒಂದೇ ಸದ್ದು ಬಂತು. "ಒಳಗ ನೀರು ಕುಡದೈತ್ರಿ, ಆದ್ರ ಮೈ ಗಟ್ಟಿ ಐತಿ. ಓಡ್ತೈತಿ." ಆಮೇಲೆ ಕೆಳಗೆ ಕ್ರ್ಯಾಂಕ್ ಕೂರುವ ಜಾಗದಲ್ಲಿ ಕೊರೆದ ನಂಬರನ್ನು ಬ್ರಷ್ಷಿನಿಂದ ಉಜ್ಜಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಲು ಹೇಳಿದರು. ಆ ನಂಬರ್ ಅಳಿದರೆ ಸೈಕಲ್ ಯಾವ ಕಾಲದ್ದು ಎಂದು ಹೇಳುವ ಸಾಕ್ಷಿಯೇ ಹೋಯಿತು. ಇಷ್ಟು ಜಾಗ್ರತೆ ನಾನು ಅಲ್ಲಿಯವರೆಗೆ ಯಾವ ಸೈಕಲ್ ಅಂಗಡಿಯಲ್ಲೂ ನೋಡಿರಲಿಲ್ಲ.

ಸೀಟ್ ಕಂಬ ತೆಗೆಯುವುದಕ್ಕೇ ಹನ್ನೊಂದು ದಿನ ಹಿಡಿಯಿತು. ಕಂಬ ಅಲ್ಯೂಮಿನಿಯಂ, ಫ್ರೇಮ್ ಉಕ್ಕು. ಎರಡು ಬೇರೆ ಲೋಹ ಒಂದಕ್ಕೊಂದು ತಾಗಿಕೊಂಡು, ಮಧ್ಯೆ ಉಪ್ಪಿನ ತೇವ ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬುತ್ತದೆ, ಕಂಬ ಒಳಗೇ ಬಿಗಿದುಕೊಳ್ಳುತ್ತದೆ. ಮುಂಬೈಯ ಗಾಳಿಯೇ ಇದಕ್ಕೆ ಸಾಕು, ನಮ್ಮದಕ್ಕೆ ಪ್ರವಾಹದ ನೀರೂ ಸೇರಿತ್ತು. ಕಾಕಾ ಫ್ರೇಮನ್ನು ತಲೆಕೆಳಗು ನಿಲ್ಲಿಸಿ ಕೆಳಗಿನ ತೂತಿನಿಂದ ದಿನಾ ಸ್ವಲ್ಪ ಸ್ವಲ್ಪ ಡೀಸೆಲ್ ಹಾಕುತ್ತಿದ್ದರು, ಸಂಜೆ ಒಮ್ಮೆ ತಟ್ಟುತ್ತಿದ್ದರು, ಅಷ್ಟೇ. ಕೊಯ್ದು ತೆಗೆದರೆ ಒಂದು ಗಂಟೆಯ ಕೆಲಸ, ಆದರೆ ಬ್ಲೇಡ್ ಫ್ರೇಮಿಗೆ ತಾಗಿದರೆ ತೆಳು ಗೋಡೆ ಹೋಯಿತು. ಹನ್ನೊಂದನೇ ದಿನ ಕಂಬವನ್ನು ವೈಸಿಗೆ ಕಚ್ಚಿಸಿ ಇಡೀ ಫ್ರೇಮನ್ನೇ ಹಿಡಿದು ತಿರುಗಿಸಿದರು. ಬಂತು. ವಿಡಿಯೊ ಕಳಿಸಿದ್ದರು, ನಾನು ಆಫೀಸಿನಲ್ಲಿ ಕೂತು ಮೂರು ಸಲ ನೋಡಿದೆ. ಈ ಹನ್ನೊಂದು ದಿನಕ್ಕೆ ಬಿಲ್ಲಿನಲ್ಲಿ ಬೇರೆ ಒಂದು ರೂಪಾಯಿ ಹಾಕಿಲ್ಲ.

ಈಗ ಕ್ರೋಮ್, ಅಂದರೆ ಉಕ್ಕಿನ ಮೇಲೆ ಹಾಕುವ ಹೊಳೆಯುವ ಲೋಹದ ಲೇಪ. ಖರ್ಚು ಏರುತ್ತಿರುವ ಮೊದಲ ಜಾಗ ಇದೇ. 2016ರಲ್ಲಿ ಒಮ್ಮೆ ಇದೇ ಸೈಕಲ್ ಮಾಡಿಸೋಣ ಎಂದು ವಿಚಾರಿಸಿದ್ದೆ. ಆಗ ಫ್ರೇಮ್, ಫೋರ್ಕ್, ಹ್ಯಾಂಡಲ್ ಮೂರಕ್ಕೂ ಸೇರಿ 3,500 ಎಂದಿದ್ದರು. ಈ ಸಲ ವಸಾಯಿ ಕಡೆಯ ಒಂದು ಪ್ಲೇಟಿಂಗ್ ಯೂನಿಟ್‌ನಲ್ಲಿ ಕೇಳಿದಾಗ 14,000. ನನಗೆ ಸಿಟ್ಟು ಬಂತು. ಆದರೆ ಅಲ್ಲೇ ಒಂದು ಗಂಟೆ ನಿಂತು ಕೆಲಸ ನೋಡಿದ ಮೇಲೆ ಸಿಟ್ಟು ಇಳಿಯಿತು. ಕ್ರೋಮ್ ಎಂದು ನಾವು ಕರೆಯುವ ಹೊಳಪು ಹೆಚ್ಚಿನದಾಗಿ ಅದರ ಕೆಳಗಿರುವ ನಿಕ್ಕಲ್‌ದು. ಒಳ್ಳೆಯ ಕೆಲಸದಲ್ಲಿ ಮೊದಲು ತಾಮ್ರ, ಅದರ ಮೇಲೆ ನಿಕ್ಕಲ್, ಕೊನೆಗೆ ಕ್ರೋಮ್. ಆ ಕೊನೆಯ ಪದರ ಒಂದು ಮೈಕ್ರಾನ್‌ನಷ್ಟೂ ದಪ್ಪ ಇರುವುದಿಲ್ಲ. ಇದಕ್ಕೆಲ್ಲ ಮುಂಚೆ ಹಳೆಯ ಪದರ ಕಿತ್ತು, ತುಕ್ಕಿನ ಗುಳಿಗಳನ್ನು ಮಟ್ಟ ಮಾಡಿ, ಕೊಳವೆಯ ಸಂದಿಸಂದಿಗೂ ಬಫಿಂಗ್ ಮಾಡಬೇಕು, ಅಂದರೆ ಉಜ್ಜಿ ನುಣುಪು ಮಾಡಬೇಕು. ಕ್ರೋಮ್ ಯಾವ ತಗ್ಗನ್ನೂ ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಚಪ್ಪಟೆ ತಗಡಾದರೆ ಬೇಗ ಆಗುತ್ತದೆ, ಹತ್ತು ಕಡೆ ವೆಲ್ಡ್ ಆಗಿರುವ ಸೈಕಲ್ ಫ್ರೇಮಿಗೆ ಒಬ್ಬ ಹುಡುಗನ ಇಡೀ ದಿನ ಬೇಕು. ಅದರ ಮೇಲೆ ತೊಟ್ಟಿಯ ದ್ರಾವಣದಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುವ ವಿಷ. ಆ ನೀರನ್ನು ಶುದ್ಧ ಮಾಡದೆ ಮೋರಿಗೆ ಬಿಡುವ ಹಾಗಿಲ್ಲ, ಬಿಡಲೂ ಬಾರದು. ಆ ಖರ್ಚು ನಮ್ಮ ಬಿಲ್ಲಿಗೆ ಬರುವುದು ನ್ಯಾಯವೇ. ದೊಡ್ಡ ಯೂನಿಟ್‌ಗಳಿಗೆ ಕಾರ್ಖಾನೆಯ ಸಾವಿರ ಪೀಸಿನ ಆರ್ಡರ್ ಇರುವಾಗ ನಮ್ಮ ಒಂದು ಸೈಕಲ್ ಬೇಕಿಲ್ಲ. ತೆಗೆದುಕೊಳ್ಳುವ ಸಣ್ಣವರು ಕಡಿಮೆಯಾಗಿದ್ದಾರೆ, ಉಳಿದವರು ಕೇಳಿದ್ದೇ ರೇಟು.

ಆದರೂ ನಾನು ಮಾಡಿಸಲಿಕ್ಕೆ ತಯಾರಿದ್ದೆ. ತಡೆದದ್ದು ಕಾಕಾ. ಅವರ ಮಾತು ಪೂರ್ತಿ ಬರೆಯುತ್ತೇನೆ. "ಹ್ಯಾಂಡಲ್ ಅಷ್ಟ ಮಾಡ್ಸ್ರಿ, ಅದರ ಕ್ರೋಮ್ ಸುಲದು ಹೋಗೈತಿ, ಕೈಗೆ ಹತ್ತತೈತಿ. ಫ್ರೇಮ್ ಬ್ಯಾಡ. ಇದರ ಕೊಳವಿ ಮೊದಲ ತೆಳು. ಆ್ಯಸಿಡ್‌ನಾಗ ಹಾಕಿ, ಬಫ್ ಹೊಡದು, ಇನ್ನೂ ತೆಳು ಮಾಡಿ ಏನ್ ಮಾಡ್ತೀರಿ? ಹೊರಗ ಕನ್ನಡಿ, ಒಳಗ ತುಕ್ಕು." ನಾನು ಮನೆಗೆ ಬಂದು ಈ ಬಗ್ಗೆ ಓದಿದೆ. ಅವರು ಹೇಳಿದ್ದು ಸರಿ. ಅದಕ್ಕಿಂತ ಹೆಚ್ಚೂ ಇದೆ. ಆ್ಯಸಿಡ್‌ನಲ್ಲೂ ಪ್ಲೇಟಿಂಗ್ ತೊಟ್ಟಿಯಲ್ಲೂ ಹೈಡ್ರೋಜನ್ ಉಕ್ಕಿನ ಒಳಗೆ ಸೇರಿಕೊಳ್ಳುತ್ತದೆ. ಗಟ್ಟಿ ಉಕ್ಕು ಅದರಿಂದ ಪೆಡಸಾಗಿ ಬಿರುಕು ಬಿಡಬಹುದು. ಅದಕ್ಕೆ ಪ್ಲೇಟಿಂಗ್ ಆದ ಕೂಡಲೇ 190 ಡಿಗ್ರಿ ಆಸುಪಾಸಿನ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ಪದ್ಧತಿ ಇದೆ. ಆ ಯೂನಿಟ್‌ನವರಿಗೆ ಫೋನ್ ಮಾಡಿ ಬೇಯಿಸುತ್ತೀರಾ ಎಂದು ಕೇಳಿದೆ, ಅವರ ಹತ್ತಿರ ಓವನ್ನೇ ಇಲ್ಲ. ನಿಮ್ಮ ಸೈಕಲ್ ಗೋಡೆಗೆ ನೇತುಹಾಕಲಿಕ್ಕಾದರೆ ಬೇರೆ ಮಾತು. ನನ್ನ ಮಗಳು ಅದರ ಮೇಲೆ ಕೂತು ಹಾರುತ್ತಾಳೆ. ಹ್ಯಾಂಡಲ್‌ಗೆ ಮಾತ್ರ ಕೊಟ್ಟೆ, ಅದೂ ಬೇರೆ ಕಡೆ, ಓವನ್ ಇರುವವರ ಹತ್ತಿರ. 3,800 ಆಯಿತು.

ಫ್ರೇಮಿನ ತುಕ್ಕು ತೆಗೆಯಲು ಕಾಕಾ ಬಳಸಿದ್ದು ಆಕ್ಸಾಲಿಕ್ ಆ್ಯಸಿಡ್ ಪುಡಿ. ಪ್ಲಾಸ್ಟಿಕ್ ಡ್ರಮ್ಮನ್ನು ಉದ್ದಕ್ಕೆ ಸೀಳಿ ತೊಟ್ಟಿ ಮಾಡಿಕೊಂಡಿದ್ದಾರೆ. ಅದರಲ್ಲಿ ನೀರಿಗೆ ಪುಡಿ ಕಲಸಿ ಫ್ರೇಮ್ ಮುಳುಗಿಸಿ, ಗಂಟೆಗೊಮ್ಮೆ ಎತ್ತಿ ಮೆತ್ತನೆ ಬ್ರಷ್ಷಿನಿಂದ ಉಜ್ಜುತ್ತಾರೆ. ತುಕ್ಕು ಕರಗುತ್ತದೆ, ಉಳಿದ ಹಳೆಯ ಹೊಳಪು ಹಾಗೇ ಇರುತ್ತದೆ. ಕೊಳವೆಯ ಒಳಗೂ ನೀರು ಹೋಗುವುದರಿಂದ ಒಳಗಿನ ತುಕ್ಕಿಗೂ ಮದ್ದು. ಆಮೇಲೆ ಸೋಡಾ ಪುಡಿ ಕಲಸಿದ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಒಳಗೆಲ್ಲ ಎಣ್ಣೆ ಓಡಾಡಿಸಿ, ತೂತುಗಳಿಗೆ ಬಟ್ಟೆ ತುರುಕಿ ಎರಡು ದಿನ ಇಟ್ಟರು. ಇದನ್ನು ಮನೆಯಲ್ಲಿ ಮಾಡುವವರು ಕೈಗೆ ಗ್ಲೌಸ್ ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ, ಅದು ವಿಷ. ಅಲ್ಯೂಮಿನಿಯಂ ಭಾಗಗಳನ್ನು ಅದರಲ್ಲಿ ಹಾಕಬೇಡಿ. ಹೊರಗೆ ಬಂದಾಗ ಫ್ರೇಮ್ ಹೊಸದರ ಹಾಗೆ ಇರಲಿಲ್ಲ. ಅಲ್ಲಲ್ಲಿ ಬೂದು ಚುಕ್ಕೆ, ಕೆಳಗಿನ ಕೊಳವೆಯ ಮೇಲೆ ನಾನು 1985ರಲ್ಲಿ ಚಾಳಿನ ಮೆಟ್ಟಿಲಿಗೆ ಗುದ್ದಿ ಮಾಡಿದ ತಗ್ಗು. ನನಗೆ ಈ ಮೈಯೇ ಬೇಕಿತ್ತು ಎಂದು ಅದನ್ನು ನೋಡಿದ ಮೇಲೆ ಗೊತ್ತಾಯಿತು.

ಇನ್ನು ರಿಮ್‌ಗಳ ಕಥೆ. ಇಲ್ಲಿ ನಾನು ತಪ್ಪು ಮಾಡಿದೆ. ಬಿಲ್ಲಿನ ಅರ್ಧಕ್ಕಿಂತ ಜಾಸ್ತಿ ಇದೇ. ಹಳೆಯ ರಿಮ್‌ಗಳಲ್ಲಿ ಬಿಳಿ ಗುಳಿ ಬಿದ್ದಿದ್ದವು. ಕಾಕಾ, ಉಜ್ಜಿ ಹೊಸ ಕಡ್ಡಿ ಹಾಕೋಣ, ನಡೆಯುತ್ತದೆ ಎಂದಿದ್ದರು. ನಾನು ಕೇಳಲಿಲ್ಲ. ಆ ಕಾಲದ್ದೇ ಜಪಾನಿನ ಅರಾಯಾ 7ಎಕ್ಸ್ ರಿಮ್ ಬೇಕು ಎಂದು ಹಟ ಹಿಡಿದು ಅಮೆರಿಕದ ಒಬ್ಬರಿಂದ ಇಂಟರ್ನೆಟ್ಟಿನಲ್ಲಿ ಹಳೆಯ ಜೋಡಿ ತರಿಸಿದೆ. ರಿಮ್‌ಗೆ 12,000 ರೂಪಾಯಿ. ಸಾಗಾಟಕ್ಕೆ 8,600. ಸುಂಕ, ತೆರಿಗೆ, ಕೊರಿಯರ್‌ನವರ ಚಾರ್ಜು ಸೇರಿ 5,400. ಒಟ್ಟು 26,000. ಎರಡು ರಿಮ್ ಸೇರಿ ಒಂದು ಕೆಜಿ ಆಸುಪಾಸು ತೂಗುವ ವಸ್ತುವಿಗೆ ಇಷ್ಟು ಸಾಗಾಟ ಯಾಕೆ ಅಂದರೆ, ಕೊರಿಯರ್‌ನವರು ತೂಕ ನೋಡುವುದಿಲ್ಲ, ಡಬ್ಬ ನೋಡುತ್ತಾರೆ. ಡಬ್ಬದ ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಬರುವ ಕೆಜಿ ನಿಜ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಬಿಲ್ಲು. ನನ್ನ ಡಬ್ಬ 46, 46, 14. ಲೆಕ್ಕ ಹಾಕಿ ನೋಡಿ, ಆರು ಕೆಜಿ ಹತ್ತಿರ ಬರುತ್ತದೆ. ಗಾಳಿಗೆ ದುಡ್ಡು ಕೊಟ್ಟ ಹಾಗೆ. ಚಕ್ರ, ಫ್ರೇಮ್, ಹ್ಯಾಂಡಲ್, ಬಿಎಂಎಕ್ಸ್‌ನಲ್ಲಿ ದೊಡ್ಡ ಡಬ್ಬ ಬೇಕಾದ ಎಲ್ಲದಕ್ಕೂ ಇದೇ ಹಣೆಬರಹ. ಅದರ ಮೇಲೆ ಡಾಲರ್. 2014ರಲ್ಲಿ 60 ರೂಪಾಯಿ ಆಸುಪಾಸು ಇದ್ದದ್ದು 2025ರ ಕೊನೆಗೆ 90 ದಾಟಿತು. ಅಮೆರಿಕದಲ್ಲಿ ಒಂದು ಪೈಸೆ ಬೆಲೆ ಏರದಿದ್ದರೂ ನಮಗೆ ಅರ್ಧದಷ್ಟು ಜಾಸ್ತಿ ಆಯಿತು, ಅಲ್ವಾ?

ಅಲ್ಲಿ ಬೆಲೆ ಏರದೆಯೂ ಇಲ್ಲ. ಎಪ್ಪತ್ತು ಎಂಬತ್ತರ ದಶಕದಲ್ಲಿ ಈ ಸೈಕಲ್ಲಿಗಾಗಿ ಹಂಬಲಿಸಿದ ಹುಡುಗರಿಗೆ ಈಗ ಐವತ್ತು ದಾಟಿದೆ, ಕೈಯಲ್ಲಿ ದುಡ್ಡಿದೆ, ಮಕ್ಕಳು ದೊಡ್ಡವರಾಗಿದ್ದಾರೆ. ಉಳಿದಿರುವ ಬಿಡಿಭಾಗಗಳು ಅಷ್ಟೇ, ಹೊಸದಾಗಿ ಹುಟ್ಟುವುದಿಲ್ಲ. ಓಕ್ಲಿ ಎಂದರೆ ಈಗ ಎಲ್ಲರಿಗೂ ತಂಪು ಕನ್ನಡಕ. ಆ ಕಂಪನಿ 1975ರಲ್ಲಿ ಶುರುವಾದದ್ದು ಹ್ಯಾಂಡಲ್ ಗ್ರಿಪ್ ಮಾರುತ್ತಾ. ಆ ಕಾಲದ ಒಂದು ಜೊತೆ ಗ್ರಿಪ್ಪಿಗೆ ಈಗ ಕೇಳುವ ಬೆಲೆಯಲ್ಲಿ ಇಲ್ಲಿ ಮಕ್ಕಳಿಗೆ ಒಂದು ಪೂರ್ತಿ ಹೊಸ ಸೈಕಲ್ ಬರುತ್ತದೆ. 1982ರ ಹಾಲಿವುಡ್ ಸಿನಿಮಾ ಒಂದರಲ್ಲಿ ಆಕಾಶಕ್ಕೆ ಹಾರಿದ ಕುವಾಹಾರಾ ಸೈಕಲ್ಲಿನ ಭಾಗಗಳ ಹತ್ತಿರವಂತೂ ನಮ್ಮಂಥವರು ಸುಳಿಯುವ ಹಾಗಿಲ್ಲ. ಕೆಲವು ಹಳೆಯ ಕಂಪನಿಗಳು ಅದೇ ಮಾದರಿಯನ್ನು ಮತ್ತೆ ತಯಾರಿಸುತ್ತಿವೆ. ಸ್ಕೈವೇಯವರ ನೈಲಾನ್ ಟಫ್ ವ್ಹೀಲ್ ಹಾಗೆ ಈಗಲೂ ಹೊಸದಾಗಿ ಸಿಗುತ್ತದೆ. ಓಡಿಸುವವರಿಗೆ ಇದು ಒಳ್ಳೆಯದು, ನಲವತ್ತು ವರ್ಷದ ಹಳೆಯ ಪ್ಲಾಸ್ಟಿಕ್ಕಿನ ಮೇಲೆ ಮಗುವನ್ನು ಕೂರಿಸುವುದಕ್ಕಿಂತ ಖಂಡಿತ ಒಳ್ಳೆಯದು.

ನನ್ನ 26,000ದ ರಿಮ್‌ಗಳಲ್ಲಿ ಒಂದು ಬೆಸುಗೆಯ ಜಾಗದಲ್ಲಿ ಒಳಗೆ ತಗ್ಗಿ ಬಂದಿತ್ತು. ಮಾರಿದವರು ಹಾಕಿದ ಫೋಟೊದಲ್ಲಿ ಆ ಭಾಗ ಕಾಣುತ್ತಿರಲಿಲ್ಲ. ಕಾಕಾ ಎರಡು ದಿನ ಕಡ್ಡಿ ಬಿಗಿದು, ಸಡಿಲಿಸಿ, ಸೀಮೆಸುಣ್ಣ ಹಿಡಿದು ತಿರುಗಿಸಿ ನೋಡಿದರು. ಬರಲಿಲ್ಲ. ಕೊನೆಗೆ ನನ್ನದೇ ಹಳೆಯ ರಿಮ್ ಒಂದನ್ನು ಉಜ್ಜಿ, ಹೊಸ ಸ್ಟೀಲ್ ಕಡ್ಡಿ ಹಾಕಿ, ಬೆಂಡ್ ತೆಗೆದು ಕಟ್ಟಿದರು. ಈಗ ಮುಂದಿನ ಚಕ್ರ ಅಮೆರಿಕದಿಂದ ಬಂದದ್ದು, ಹಿಂದಿನದು ಕಲೀನಾದ ನೀರಲ್ಲಿ ಮುಳುಗಿದ್ದು. ಓಡಿಸುವಾಗ ಎರಡಕ್ಕೂ ಏನೂ ವ್ಯತ್ಯಾಸ ಇಲ್ಲ. ಕಾಕಾನ ಮಾತು ಮೊದಲ ದಿನವೇ ಕೇಳಿದ್ದರೆ ಕಡ್ಡಿಯ ಖರ್ಚಿನಲ್ಲಿ ಮುಗಿಯುತ್ತಿತ್ತು. ಇದನ್ನು ಓದುವ ನೀವಾದರೂ ಹೊರಗಿಂದ ತರಿಸುವ ಮುಂಚೆ ನಿಮ್ಮ ಮೆಕ್ಯಾನಿಕ್ ಕೈಯಲ್ಲಿ ಹಳೆಯದನ್ನು ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಿ.

ಇಲ್ಲೇ ಅಗ್ಗಕ್ಕೆ ಸಿಗುವುದೂ ಬಹಳ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಒಂದೇ ತುಂಡಿನ ಕ್ರ್ಯಾಂಕ್ ನಮ್ಮ ದೇಶದ ಮಕ್ಕಳ ಸೈಕಲ್‌ಗಳಲ್ಲಿ ಈಗಲೂ ಬರುತ್ತದೆ. ಹಾಗಾಗಿ ಅದರ ಬೇರಿಂಗು, ಕಪ್ಪು, ಕಾಲ್ಬಾದೇವಿಯ ಸೈಕಲ್ ಅಂಗಡಿಗಳಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತವೆ. ಕಾಕಾ ಹಳೆಯ ಬೇರಿಂಗನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ ಅಳತೆ ತಾಳೆ ನೋಡಿ ತಂದರು. ಬೇರಿಂಗು, ಕಡ್ಡಿ, ಕೇಬಲ್, ಗ್ರೀಸು ಎಲ್ಲ ಸೇರಿ 1,650. ಟೈರ್ ಟ್ಯೂಬು ಇಲ್ಲಿಯದೇ, 1,300. ಟೈರ್ ಕೊಳ್ಳುವಾಗ ಬದಿಯಲ್ಲಿ ಬರೆದ ಮಿಲಿಮೀಟರ್ ಅಂಕಿ ನೋಡಿ. 20 ಇಂಚು ಎಂದು ಮುಖ್ಯವಾಗಿ ಎರಡು ಅಳತೆ ಇವೆ, 406 ಮತ್ತು 451. ಬಿಎಂಎಕ್ಸ್‌ಗೆ ಸಾಮಾನ್ಯವಾಗಿ ಬೇಕಾದದ್ದು 406. ಹಾಳಾದ ಕ್ರ್ಯಾಂಕಿಗೆ ಪಕ್ಕದ ಲೇತ್ ಅಂಗಡಿಯಲ್ಲಿ ವೆಲ್ಡ್ ತುಂಬಿಸಿ ಹೊಸ ಥ್ರೆಡ್ ಹಾಕಿಸಿದರು, ಅರ್ಧ ಇಂಚಿನ ಪೆಡಲ್ ಸೇರಿ 2,100. ಗ್ರಿಪ್ 1,200. ಸ್ಟಿಕ್ಕರ್ ಸೆಟ್ ಹೊರಗಿಂದ ತರಿಸಿದ್ದು 2,900. ಸೀಟು ಹಳೆಯದೇ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ 12ರಿಂದ 5ಕ್ಕೆ ಇಳಿದದ್ದೂ ಇಲ್ಲಿ ಕೊಳ್ಳುವವರಿಗೆ ಸ್ವಲ್ಪ ಅನುಕೂಲ.

ಕೊನೆಗೆ ಕಾಕಾನ ಮಜೂರಿ, 4,500. ಏಳು ವಾರದ ಕೆಲಸ. ದಿನಾ ಪೂರ್ತಿ ಇದೊಂದನ್ನೇ ಮಾಡಲಿಲ್ಲ, ಸರಿ. ಆದರೂ ಸೀಟ್ ಕಂಬದ ಹನ್ನೊಂದು ದಿನ, ಎರಡು ಸಲ ಕಟ್ಟಿದ ಚಕ್ರ, ಕಾಲ್ಬಾದೇವಿಯ ಓಡಾಟ, ತುಕ್ಕಿನ ತೊಟ್ಟಿಯ ಮುಂದೆ ಕೂತದ್ದು, ಎಲ್ಲ ಸೇರಿ ಇಷ್ಟು. 2016ರಲ್ಲಿ ಇದೇ ಗಲ್ಲಿಯಲ್ಲಿ ಪೂರ್ತಿ ಓವರ್‌ಹಾಲಿಂಗಿಗೆ ಎಷ್ಟಿತ್ತು ಎಂದು ಕೇಳಿದೆ. "ಮೂರು ಸಾವಿರ ತಗೋತಿದ್ನಿರಿ." ಅಂದರೆ ಕ್ರೋಮಿನ ರೇಟು ನಾಲ್ಕು ಪಟ್ಟಾಯಿತು, ಡಾಲರ್ ಓಡಿತು, ಇವರ ಕೈಯ ಬೆಲೆ ಒಂದೂವರೆ ಪಟ್ಟಿಗೆ ನಿಂತಿದೆ. ಅಂಗಡಿಯ ಬಾಡಿಗೆ ಏರಿದೆ, ಇಬ್ಬರು ಹುಡುಗರಲ್ಲಿ ಒಬ್ಬ ಡೆಲಿವರಿ ಕೆಲಸಕ್ಕೆ ಹೋಗಿಬಿಟ್ಟಿದ್ದಾನೆ, ಅಲ್ಲಿ ಜಾಸ್ತಿ ಸಿಗುತ್ತದೆ. ಅರಾಯಾ ರಿಮ್ ಇವತ್ತಲ್ಲ ನಾಳೆ ಯಾರ ಹತ್ತಿರವಾದರೂ ಸಿಕ್ಕೀತು. ಫ್ರೇಮ್ ತಟ್ಟಿ ಒಳಗಿನ ಸ್ಥಿತಿ ಹೇಳುವ ಕಿವಿ ಯಾವ ದೇಶದಿಂದಲೂ ತರಿಸಲಿಕ್ಕಾಗುವುದಿಲ್ಲ. ನಾನು 6,000 ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ, ಹೇಳಿದ್ದು 4,500 ಎಂದರು. ಆಮೇಲೆ ಅವರ ಹುಡುಗನ ಕೈಗೆ ಸ್ವಲ್ಪ ಕೊಟ್ಟು ಬಂದೆ.

ತೊಂದರೆಗಳನ್ನೂ ಹೇಳಬೇಕು. ಮೂರು ವಾರ ಎಂದದ್ದು ಏಳು ವಾರ ಆಯಿತು. ಫೋನ್ ಮಾಡಿದರೆ ನಾಲ್ಕು ಸಲಕ್ಕೆ ಒಮ್ಮೆ ಎತ್ತುತ್ತಾರೆ. ಖರ್ಚಿನ ಅಂದಾಜು ಬರೆದು ಕೊಡುವುದಿಲ್ಲ, ಎಲ್ಲ ಬಾಯಿಮಾತು, ಬೇರೆ ಬೇರೆ ಕಡೆ ಕೊಟ್ಟ ಕೆಲಸದ ರಸೀದಿ ನೀವೇ ಕೇಳಿ ಇಟ್ಟುಕೊಳ್ಳಬೇಕು. ಬಿಚ್ಚಿದ ಸಣ್ಣ ಭಾಗಗಳನ್ನು ಅವರು ಡಬ್ಬಿಯಲ್ಲಿ ಹಾಕಿ ಹೆಸರು ಬರೆದಿಡುತ್ತಾರಾದರೂ ಜಾಗ ಇಕ್ಕಟ್ಟು. ನನ್ನ ಬ್ರೇಕಿನ ಒಂದು ಸ್ಪ್ರಿಂಗ್ ಎಲ್ಲೋ ಹೋಯಿತು. ಅವರೇ ಒಪ್ಪಿಕೊಂಡರು, ಬೇರೆ ಹುಡುಕಿ ಹಾಕಿಕೊಡುತ್ತೇನೆ ಎಂದರು. ಕೊಡುವ ಮುಂಚೆ ಪ್ರತಿ ಭಾಗದ ಫೋಟೊ ತೆಗೆದಿಟ್ಟುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಬೇಡಿ, ಆ ಗಲ್ಲಿಯಲ್ಲಿ ಮಳೆನೀರು ನಿಲ್ಲುತ್ತದೆ, ತೊಳೆದ ಫ್ರೇಮ್ ಒಣಗುವುದೂ ಇಲ್ಲ. ಹೊಸದರ ಹಾಗೆ ಫಳಫಳ ಹೊಳೆಯುವ ಸೈಕಲ್ ಬೇಕು ಎನ್ನುವವರಿಗೂ ಈ ಅಂಗಡಿ ಸರಿಹೋಗುವುದಿಲ್ಲ, ಅವರಿಗೆ ಆ ಕೆಲಸದಲ್ಲಿ ಮನಸ್ಸಿಲ್ಲ. ಓಡಿಸುವವರಿಗೆ ಮಾತ್ರ ಹೇಳುತ್ತೇನೆ, ಕಣ್ಣು ಮುಚ್ಚಿ ಕೊಡಿ.

ಭಾನುವಾರ ಬೆಳಿಗ್ಗೆ ಹೋಗಿ, ಹನ್ನೊಂದರ ಒಳಗೆ. ಆಗ ಗಿರಾಕಿ ಕಡಿಮೆ, ಮಾತಾಡಲು ಪುರುಸೊತ್ತು ಇರುತ್ತದೆ. ಸೋಮವಾರ ರಜೆ.

ಮಗಳು ಈಗ ನಮ್ಮ ಕಾಲನಿಯ ಹಿಂದಿನ ಮಣ್ಣಿನ ಮೈದಾನದಲ್ಲಿ ದಿನಾ ಓಡಿಸುತ್ತಾಳೆ. ವಿಡಿಯೊ ಕಾಪುವಿನಲ್ಲಿರುವ ಮಾವನಿಗೆ ಕಳಿಸಿದೆ. ಅವರಿಗೆ ಈಗ ಎಂಬತ್ತರ ಹತ್ತಿರ. ಫೋನ್ ಮಾಡಿ ಮೊದಲು ಕೇಳಿದ್ದು, "ಹಿಂದಿನ ಬ್ರೇಕ್ ಎಲ್ಲಿ ಮಾರಾಯ? ಹುಡುಗಿ ಕಾಲು ಕೊಟ್ಟು ನಿಲ್ಲಿಸುತ್ತಿದ್ದಾಳಲ್ಲ." ಅದೇ ಸ್ಪ್ರಿಂಗಿನ ವಿಷಯ. ಮುಂದಿನ ಬ್ರೇಕ್ ಸರಿಯಾಗಿ ಹಿಡಿಯುತ್ತದೆ, ಆದರೂ ಸ್ಪ್ರಿಂಗ್ ಹಾಕುವವರೆಗೆ ಹಾರುವುದು ಬೇಡ ಎಂದು ಮಗಳಿಗೆ ಹೇಳಿದ್ದೇನೆ. ನಿನ್ನೆ ಕಾಕಾನೇ ಫೋನ್ ಮಾಡಿದ್ದರು, ಸ್ಪ್ರಿಂಗ್ ಸಿಕ್ಕಿದೆಯಂತೆ. ಈ ಭಾನುವಾರ ಮುಂಗುಸಿಯನ್ನು ಲಗೇಜ್ ಡಬ್ಬಿಯಲ್ಲಿ ಹಾಕಿಕೊಂಡು ನಾವಿಬ್ಬರೂ ಕುರ್ಲಾಕ್ಕೆ ಹೋಗುತ್ತಿದ್ದೇವೆ.